ಚಿತ್ರ ಬರೆಯುವುದು ಮಕ್ಕಳಾಟವೆ?

ನಮ್ಮ ಜಿಲ್ಲೆಯ ವಿದ್ಯಾವಂತರ ಮನೆಗಳಲ್ಲಿ ಒಂದು ಅಲಿಖಿತ ಶಾಸನವುಂಟು. ನಾಲ್ಕು ವರ್ಷದ ಮಗು ಗೋಡೆಯ ಮೇಲೆ ಆನೆಯನ್ನು ಬರೆದರೆ ತಾಯಿತಂದೆಗಳು ನೆಂಟರನ್ನು ಕರೆದು ತೋರಿಸುವರು. ಅದೇ ಮಗು ಎಂಟನೆಯ ತರಗತಿಗೆ ಬಂದು ಲೆಕ್ಕದ ಪುಸ್ತಕದ ಅಂಚಿನಲ್ಲಿ ಆನೆಯನ್ನು ಬರೆದರೆ ಕಿವಿ ಹಿಂಡುವರು. ಚಿತ್ರವೆಂಬುದು ಎಳೆತನದ ಚೇಷ್ಟೆ, ಹಾಲುಹಲ್ಲಿನಂತೆ ಕಾಲ ಬಂದಾಗ ಉದುರಿಹೋಗತಕ್ಕದ್ದು ಎಂಬುದು ಇವರ ಸಿದ್ಧಾಂತ. ಈ ಸಿದ್ಧಾಂತದಷ್ಟು ಅವಿವೇಕವಾದುದನ್ನು ನಾನು ಬೇರೆ ಕಂಡಿಲ್ಲ.

ಇದು ಹಿರಿಯರಿಂದ ಬಂದುದೂ ಅಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಕನ್ನಡದ ಮನೆಯವರು ರಂಗವಲ್ಲಿಯೆಂದೂ ನೆರೆಯ ತೆಲುಗು ಮನೆಯವರು ಮುಗ್ಗು ಎಂದೂ ಕರೆಯುವ ವಿದ್ಯೆಯೊಂದೇ. ಅಕ್ಷರವರಿಯದ ಅಜ್ಜಿಯು ಸಗಣಿ ಸಾರಿಸಿದ ಅಂಗಳದಲ್ಲಿ 15 ಚುಕ್ಕಿಯಿಂದ ಆರಂಭಿಸಿ ಎರಡೆರಡನ್ನು ಇಳಿಸುತ್ತ 1ಕ್ಕೆ ತಂದು ನಿಲ್ಲಿಸುವಳು; ಆಮೇಲೆ ಎಳೆಯನ್ನು ಚುಕ್ಕಿಗಳ ಸುತ್ತ ಬಳಸಿ ಹೊರಟ ಎಡೆಗೇ ಕೂಡಿಸುವಳು. ಒಂದು ಚುಕ್ಕಿ ತಪ್ಪಿದರೆ ಇಡೀ ಬಳ್ಳಿ ಕೆಡುವುದು. ಇದು ಗಣಿತವಲ್ಲವೆ? ಪಕ್ಕದಲ್ಲಿ ಮೊಮ್ಮಗಳು ತನ್ನ ಪುಟ್ಟ ಮುಷ್ಟಿಯಲ್ಲಿ ಪುಡಿ ಹಿಡಿದು ಮೂರು ಚುಕ್ಕಿಯದೊಂದನ್ನು ಹಾಕುತ್ತಿರುವಳು. ಆರರವಳಿಗೂ ಅರವತ್ತರವಳಿಗೂ ಅದೊಂದೇ ಪಾಠಶಾಲೆ. ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದೆಂಬ ರಸಾಯನಶಾಸ್ತ್ರವೂ ಅಲ್ಲಿಯೇ ಕಲಿತುದು. ವಯಸ್ಸಾಯಿತು, ಇನ್ನು ಇದನ್ನು ಬಿಡು ಎಂದು ಅಲ್ಲಿ ಯಾರೂ ಹೇಳಲಿಲ್ಲ. (ಗಂಡನನ್ನು ಕಳೆದುಕೊಂಡವಳ ಕೈಯಿಂದ ಪುಡಿಯನ್ನು ಕಸಿದುಕೊಂಡ ಮನೆಗಳುಂಟು. ಆ ಕ್ರೌರ್ಯವನ್ನು ನಾನು ಸಂಪ್ರದಾಯವೆಂದು ಹೊಗಳಲಾರೆ.)

ಓದಿದವರಾದ ನಾವು ಮಾಡಿರುವುದೇನು? ಹೊಸ್ತಿಲಿಗೆ ಅಂಟಿಸುವ ಸ್ಟಿಕ್ಕರನ್ನೂ ತೂತು ಕೊರೆದ ಪ್ಲಾಸ್ಟಿಕ್ಕಿನ ಅಚ್ಚನ್ನೂ ಕೊಂಡುತಂದಿದ್ದೇವೆ. ಮಗುವಿನ ಕೈಗೆ ಬಣ್ಣ ತುಂಬುವ ಪುಸ್ತಕವನ್ನು ಕೊಟ್ಟಿದ್ದೇವೆ. ಇನ್ನಾರೋ ಎಳೆದ ಗೆರೆಯೊಳಗೆ ಅದು ಬಣ್ಣ ತುಂಬಬೇಕು, ಗೆರೆ ದಾಟಿದರೆ ಅಪರಾಧ. ಅದರಲ್ಲಿ ಸೇಬನ್ನು ಕೆಂಪಾಗಿಸುವ ಶ್ರೀನಿವಾಸಪುರದ ಹುಡುಗನು ತನ್ನೂರ ತೋಪಿನ ಮಾವಿನಕಾಯಿಯ ಹಸಿರು ಎಲ್ಲಿಂದ ಹಳದಿಗೆ ತಿರುಗಲಾರಂಭಿಸುವುದೆಂದು ಎಂದಾದರೂ ನೋಡಿ ಬರೆದಿರುವನೆ? ಹೆಂಚು ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನ ಹುಡುಗಿಗೆ ಹಸಿಮಣ್ಣಿನ ಬಣ್ಣಕ್ಕೂ ಬೆಂದ ಮಣ್ಣಿನ ಬಣ್ಣಕ್ಕೂ ಇರುವ ಭೇದವನ್ನು ಯಾರಾದರೂ ಕೇಳಿರುವರೆ? ವಿಯೆನ್ನಾ ನಗರದಲ್ಲಿ ಫ್ರಾಂಜ್ ಸಿಜೆಕ್ ಎಂಬಾತನು 1897ರಲ್ಲಿಯೇ ಮಕ್ಕಳಿಗಾಗಿ ಒಂದು ಚಿತ್ರಶಾಲೆಯನ್ನು ತೆರೆದು, ನಕಲು ಮಾಡಿಸುವುದನ್ನು ಬಿಟ್ಟು, ಅವರ ಮನಸ್ಸಿಗೆ ತೋರಿದುದನ್ನೇ ಬರೆಯಗೊಟ್ಟನು. ಒಂದೂಕಾಲು ಶತಮಾನ ಕಳೆದ ಮೇಲೂ ನಾವು ಅಂಗಡಿಯಲ್ಲಿ ಗೆರೆಯನ್ನು ಕೊಳ್ಳುತ್ತಿದ್ದೇವೆ.

ಶಾಲೆಯ ಮಾತನ್ನು ಹೆಚ್ಚು ಬೆಳಸುವುದಿಲ್ಲ. ಪರೀಕ್ಷೆ ಸಮೀಪಿಸಿದೊಡನೆ ಚಿತ್ರದ ಪಾಠದ ವೇಳೆಯನ್ನು ಗಣಿತಕ್ಕೆ ಕೊಡುವ ಶಾಲೆಗಳು ಎಷ್ಟೋ; ಅದನ್ನು ಕೇಳಿ ಸಂತೋಷಪಡುವ ತಂದೆಗಳು ಅದಕ್ಕಿಂತ ಹೆಚ್ಚು. ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿ ಬಂದಾಗ ಮಾತ್ರ ಬಣ್ಣದ ಪೆಟ್ಟಿಗೆ ಹೊರಬರುವುದು. ಬಹುಮಾನ ಒಬ್ಬನಿಗೆ, ಉಳಿದವರೆಲ್ಲರೂ ತಮಗೆ ಚಿತ್ರ ಬಾರದೆಂಬ ತೀರ್ಪನ್ನು ಹೊತ್ತು ಮನೆಗೆ ಬರುವರು. ಊಟ ಮಾಡುವುದರಲ್ಲಿ ಪಂದ್ಯವಿಟ್ಟು, ಸೋತವನಿಗೆ ನಾಳೆಯಿಂದ ಹಸಿವಿಲ್ಲವೆಂದು ನಿರ್ಣಯಿಸಿದಂತಾಯಿತು.

“ಚಿತ್ರದಿಂದ ಹೊಟ್ಟೆ ತುಂಬೀತೆ?” ಎಂಬ ಪ್ರಶ್ನೆ ಈಗಾಗಲೇ ಕೇಳಿಸುತ್ತಿದೆ. ಮಗಳಿಗೆ ಸಂಗೀತ ಹೇಳಿಸುವ ಮಹನೀಯರು ಅವಳು ಕಚೇರಿ ಮಾಡಿ ಸಂಪಾದಿಸಲೆಂದು ಹೇಳಿಸುವರೆ? ರವೀಂದ್ರನಾಥ ಠಾಕೂರರು 1919ರಲ್ಲಿ ನಮ್ಮ ಗಡಿಯಾಚೆಯ ಮದನಪಲ್ಲಿಯಲ್ಲಿ ಕೆಲವು ದಿನ ತಂಗಿದ್ದರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆ ಕವಿಗಳು ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಮನಸ್ಸಿಟ್ಟು ಕೈಹಚ್ಚಿದರು. ಅವರ ಚಿತ್ರಗಳ ಪ್ರದರ್ಶನ ಪ್ಯಾರಿಸ್ಸಿನಲ್ಲಿ ನಡೆದುದು 1930ರಲ್ಲಿ, ಅವರಿಗೆ ಎಪ್ಪತ್ತು ಸಮೀಪಿಸಿದಾಗ. ನಮ್ಮಲ್ಲಿ ಆ ವಯಸ್ಸಿನವನೊಬ್ಬನು ಜಗಲಿಯಲ್ಲಿ ಕುಂಚ ಹಿಡಿದು ಕುಳಿತರೆ ಮನೆಯವರು ವೈದ್ಯರನ್ನು ಕರೆಸಿಯಾರು. ನಾನು ಮೊಮ್ಮಕ್ಕಳೊಡನೆ ಕುಳಿತು ಬರೆಯುತ್ತೇನೆ. “ತಾತನಿಗೆ ಹೊತ್ತುಹೋಗುವುದಿಲ್ಲ” ಎಂಬ ಮಾತನ್ನು ಬೇಕಾದಷ್ಟು ಕೇಳಿದ್ದೇನೆ. ಹೊತ್ತು ಹೋಗುವುದೇ ತಿಳಿಯದೆಂಬುದು ನಿಜವಾದ ಸಂಗತಿ.

ಚಿತ್ರದಿಂದ ದೊರೆಯುವುದು ಹಣವಲ್ಲ, ನೋಟ. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ.ಜಿ.ಯವರು ಬೇಲೂರಿನ ಮದನಿಕೆಯರನ್ನು ನೋಡಿ ‘ಅಂತಃಪುರಗೀತೆ’ಯನ್ನು ರಚಿಸಿದರು. ಬೇಲೂರಿಗೆ ಹೋಗಿಬಂದವರು ಲಕ್ಷಾಂತರ ಮಂದಿ; ಕಣ್ಣು ಎಲ್ಲರಿಗೂ ಇತ್ತು. ಅಷ್ಟು ದೂರ ಹೋಗುವುದೇಕೆ? ಕೋಲಾರದ ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳನ್ನು ದಿನವೂ ಹಾದುಹೋಗುವವರು, ಅವುಗಳಲ್ಲಿ ಒಂದರ ಕೆತ್ತನೆಯನ್ನಾದರೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲರೆ? ಒಮ್ಮೆ ಬರೆದವನು ಹೇಳುವನು. ಬರೆಯುವ ಕೈ ಕಲ್ಲಿನ ಪ್ರತಿಯೊಂದು ತಿರುವಿನಲ್ಲಿಯೂ ನಿಂತು ಹೋಗಬೇಕಾಗುವುದರಿಂದ ಕಣ್ಣು ವಿಧಿಯಿಲ್ಲದೆ ಅಲ್ಲಿ ನಿಲ್ಲುವುದು.

ಆದುದರಿಂದ ವಾಚಕರಲ್ಲಿ ನನ್ನ ಬೇಡಿಕೆ ಇಷ್ಟೆ. ಮಕ್ಕಳನ್ನು ಚಿತ್ರದ ಪಾಠಕ್ಕೆ ಕಳುಹಿಸಿ ಕೈತೊಳೆದುಕೊಳ್ಳಬೇಡಿರಿ. ಅವರ ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿರಿ. ಒಂದು ಭಾನುವಾರ ಬೆಳಗ್ಗೆ ಆ ಮಂಟಪಕ್ಕೆ ಹೋಗಿ ಒಂದೇ ಕಂಬದ ಎದುರಿಗೆ ತಂದೆಗೊಂದು ಹಾಳೆ, ಮಗಳಿಗೊಂದು ಹಾಳೆ ಇರಲಿ. ಫೋನು ಜೇಬಿನಲ್ಲಿಯೇ ಇರಲಿ. ಮಗಳ ಕಂಬವು ವಾಲಿದರೆ ತಿದ್ದಬೇಡಿರಿ. ತಂದೆಯ ಕಂಬವು ಒನಕೆಯಂತೆ ಕಂಡರೆ ಅವಳು ನಕ್ಕೇ ನಗುವಳು, ನಗಲಿ.