ಗುಹ್ಯಾಂಗದ ನರೂಲಿಯೂ ಲಸಿಕೆಯ ಆಯ್ಕೆಯೂ

ಸಭ್ಯರು ಹೆಸರೆತ್ತಲು ನಾಚುವ ರೋಗಗಳಿಗೆ ಸರಕಾರದ ಲೆಕ್ಕಪತ್ರಗಳಲ್ಲಿಯೂ ಸ್ಥಳ ದೊರೆಯುವುದು ದುರ್ಲಭ. ಗುಹ್ಯಾಂಗದ ನರೂಲಿಯು ಅಂಥದೊಂದು. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸು ಇದಕ್ಕೆ ಕಾರಣ. ಸಂಭೋಗಕಾಲದಲ್ಲಿ ಚರ್ಮಕ್ಕೆ ಚರ್ಮ ಸೋಂಕಿ ಇದು ಹರಡುವುದರಿಂದ ಕಾಂಡೋಮಿನಿಂದ ಭಯವು ಕಡಮೆಯಾದೀತೇ ಹೊರತು ಪೂರ್ಣವಾಗಿ ತೊಲಗದು. ಸೋಂಕು ತಗುಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ನರೂಲಿ ತಲೆದೋರಬಹುದು. ಹೀಗಿರಲು ಅದನ್ನೇ ಸಾಕ್ಷಿಯಾಗಿ ಹಿಡಿದು ಪತಿಪತ್ನಿಯರು ಪರಸ್ಪರ ದೋಷಾರೋಪ ಮಾಡುವುದು ವೈದ್ಯಶಾಸ್ತ್ರಕ್ಕೆ ಸಮ್ಮತವಲ್ಲ.

ಇದು ಕ್ಯಾನ್ಸರಿನ ಮುನ್ಸೂಚನೆಯೆಂಬ ಭೀತಿಯೂ ಅನೇಕರಲ್ಲುಂಟು. ಈ ವೈರಸ್ಸಿನ ಪ್ರಭೇದಗಳು ನೂರಕ್ಕೂ ಹೆಚ್ಚು. ನರೂಲಿಗಳಲ್ಲಿ ಸುಮಾರು ಶೇಕಡ 90 ರಷ್ಟಕ್ಕೆ 6 ಮತ್ತು 11ನೆಯ ಪ್ರಭೇದಗಳು ಕಾರಣ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ಶೇಕಡ 70 ರಷ್ಟು 16 ಮತ್ತು 18ರಿಂದ ಬರತಕ್ಕದ್ದು.

ಈ ಭೇದವು ರಾಜ್ಯನೀತಿಗೂ ಸಂಬಂಧಿಸಿದೆ. 2008 ರಲ್ಲಿ ಬ್ರಿಟನ್ನಿನ ಸರಕಾರವು ಶಾಲಾಬಾಲಿಕೆಯರಿಗಾಗಿ 16 ಮತ್ತು 18ನ್ನು ಮಾತ್ರ ಗುರಿಯಾಗಿಟ್ಟ ಲಸಿಕೆಯನ್ನು ಆರಿಸಿತು. ನರೂಲಿಯ ಪಾಡು ನರೂಲಿಗೇ ಉಳಿಯಿತು. ಆಸ್ಟ್ರೇಲಿಯವು 2007 ರಲ್ಲಿಯೇ ನಾಲ್ಕು ಪ್ರಭೇದಗಳನ್ನೂ ತಡೆಯುವ ಲಸಿಕೆಯನ್ನು ಬಾಲಿಕೆಯರಿಗೂ ತರುಣಿಯರಿಗೂ ಉಚಿತವಾಗಿ ಹಾಕಿಸತೊಡಗಿತ್ತು. ಅಲ್ಲಿನ ಲೈಂಗಿಕ ಆರೋಗ್ಯ ಚಿಕಿತ್ಸಾಲಯಗಳಿಗೆ ಬಂದ 21 ವರ್ಷದೊಳಗಿನ ಸ್ತ್ರೀಯರಲ್ಲಿ 2007 ರಲ್ಲಿ ಶೇಕಡ 11.5 ಮಂದಿಗೆ ನರೂಲಿಯಿತ್ತು. 2011 ರಲ್ಲಿ ಶೇಕಡ ಒಂದಕ್ಕೂ ಕಡಮೆ. ಲಸಿಕೆಯನ್ನೇ ಪಡೆಯದಿದ್ದ ಅದೇ ವಯಸ್ಸಿನ ಪುರುಷರಲ್ಲಿಯೂ, ಸ್ತ್ರೀಸಂಗಮಾತ್ರವುಳ್ಳವರಲ್ಲಿ, ಇದು ಶೇಕಡ 12.1 ರಿಂದ 2.2ಕ್ಕೆ ಇಳಿಯಿತು. ಇಷ್ಟು ಶೀಘ್ರವಾಗಿ ಫಲವಿತ್ತ ರಾಜ್ಯವೆಚ್ಚಗಳು ವಿರಳವೆಂದೇ ನಮ್ಮೆಣಿಕೆ. ಬ್ರಿಟನ್ 2012 ರಲ್ಲಿ ತನ್ನ ಆಯ್ಕೆಯನ್ನು ಬದಲಿಸಿತು.

ನಮ್ಮ ದೇಶದಲ್ಲಿಯೂ ಸಾಧನದ ಅಭಾವವಿಲ್ಲ. 2022 ರಲ್ಲಿ ಅನುಮತಿ ಪಡೆದ ಪುಣೆಯ ಸೀರಮ್ ಸಂಸ್ಥೆಯ ಲಸಿಕೆಯು ಈ ನಾಲ್ಕನ್ನೂ ತಡೆಯತಕ್ಕದ್ದು. ಲಸಿಕೆಗಳ ಬೆಲೆಯನ್ನು ತೂಗುವ ಅಧಿಕಾರಿಗಳು ಉಳಿಯುವ ಪ್ರಾಣಗಳೊಡನೆ ತಪ್ಪುವ ನರೂಲಿಗಳನ್ನೂ, ಅವುಗಳ ಚಿಕಿತ್ಸೆಯ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾವು ಆಗ್ರಹಪಡಿಸುತ್ತೇವೆ.

ಆದರೆ ಈಗಾಗಲೇ ಮೂಡಿದ ನರೂಲಿಗೆ ಲಸಿಕೆಯು ಔಷಧವಲ್ಲ. ಮುಲಾಮಿನಿಂದಲೋ, ಶೈತ್ಯದಿಂದಲೋ, ಕತ್ತರಿಸಿಯೋ ವೈದ್ಯರು ಅದನ್ನು ತೆಗೆಯಬಲ್ಲರು. ಮತ್ತೆ ಮೂಡುವುದೂ ಉಂಟು. ಕೈಕಾಲಿನ ನರೂಲಿಗೆ ಅಂಗಡಿಯಲ್ಲಿ ಮಾರುವ ಮದ್ದನ್ನು ಅಲ್ಲಿಗೆ ಹಚ್ಚಲಾಗದು. ಬಸ್ ನಿಲ್ದಾಣದ ಗೋಡೆಯ ಮೇಲೆ ಗುಪ್ತರೋಗಕ್ಕೆ ಶರ್ತಿಯ ಚಿಕಿತ್ಸೆಯೆಂದು ಬರೆಯಿಸಿದವರ ಬಳಿಗೆ ಹೋಗುವ ತರುಣರು ಸರಕಾರೀ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಲಿ.