ಹೋಗುವ ನೀರು

ಹೊಸ ಮನೆಯನ್ನು ನೋಡಲು ಹೋದಾಗ ಕುಡಿಯುವ ನೀರು ಹೇಗಿದೆಯೆಂದು ನಾವು ಮೊದಲು ವಿಚಾರಿಸುವೆವು. ಬಚ್ಚಲ ನೀರು ಎಲ್ಲಿಗೆ ಹೋಗುವುದೆಂದು ಕೇಳುವವರು ವಿರಳ. ಮನೆಯ ಈ ಉದಾಸೀನವು ಗದ್ದೆಯ ಬದುವಿನಲ್ಲಿಯೂ ನದಿಯ ತೀರದಲ್ಲಿಯೂ ಬೆಳೆದುಬಂದಿರುವುದು. ಆದುದರಿಂದ ಈ ತಿಂಗಳು ಹೋಗುವ ನೀರಿನ ವಿಷಯವಾಗಿ ವಾಚಕ ಮಹಾಶಯರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಫೆನ್ ಎಂಬ ಜೌಗುಸೀಮೆಯೊಂದುಂಟು. 17ನೆಯ ಶತಮಾನದಲ್ಲಿ ಹಾಲೆಂಡ್ ದೇಶದ ವರ್ಮುಯ್ಡನ್ ಎಂಬ ಇಂಜಿನಿಯರನು ಅಲ್ಲಿನ ನೀರನ್ನು ಬಸಿದು ಸಮುದ್ರಕ್ಕೆ ಸಾಗಿಸಲು ದೊಡ್ಡ ಕಾಲುವೆಗಳನ್ನು ತೋಡಿಸಿದನು. ಮುಂದಿನವರು ಆ ಕೆಲಸವನ್ನು ಬೆಳೆಸಿದರು. ಬಾಸ್ಟನ್ ಪಟ್ಟಣದ ಸುತ್ತ ಇಂತಹ ಬಸಿಗಾಲುವೆಗಳು ಒಂದನ್ನೊಂದು ಕೂಡುವೆಡೆಯಲ್ಲಿ ದೋಣಿಗಳು ಒಂದರಿಂದ ಮತ್ತೊಂದಕ್ಕೆ ಹೊರಳಿ ಸಾಗುವುವು. ಹೋಗುವ ನೀರಿಗೆ ಆ ಜನರು ಅಷ್ಟು ಅಗಲವಾದ ದಾರಿಯನ್ನು ಬಿಟ್ಟಿರುವರು; ಬಿಡದಿದ್ದರೆ ಅವರಿಗೆ ಬೆಳೆಯಿಲ್ಲ.

ನಮ್ಮ ಸೀಮೆಯ ಬಸಿಗಾಲುವೆಗಳಲ್ಲಿ ದೋಣಿ ನಡೆಯದು. ಹರಿಗೋಲು ತೇಲುವುದು ಹೊಳೆಯಲ್ಲಿಯೇ. ಆದರೆ ನೀರು ನೀರನ್ನು ಕೂಡುವ ಸ್ಥಳಗಳಿಗೆ ನಮ್ಮಲ್ಲಿ ಕೊರತೆಯೇನೂ ಇಲ್ಲ. ವೈನಾಡಿನ ಬೆಟ್ಟಗಳಿಂದ ಇಳಿದುಬರುವ ಕಪಿಲೆಯನ್ನು ನಂಜನಗೂಡಿನ ಬಳಿ ಕೌಂಡಿನ್ಯೆಯೆನಿಸಿದ ಗುಂಡ್ಲುಹೊಳೆಯು ಸೇರುವುದು. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವುದು. ಗುಪ್ತವಾದ ಸ್ಫಟಿಕ ಸರೋವರವನ್ನೂ ಎಣಿಸಿ ಹಿರಿಯರು ಇದನ್ನು ತ್ರಿವೇಣಿಯೆಂದರು. 1989ರಲ್ಲಿ ಇಲ್ಲಿ ಆರಂಭವಾದ ಕುಂಭಮೇಳವು 2025ರ ಫೆಬ್ರವರಿಯಲ್ಲಿಯೂ ನಡೆಯಿತು.

ಈ ಎರಡು ಊರುಗಳ ಸುತ್ತಣ ಗದ್ದೆಗಳನ್ನು ನೋಡಿರಿ. ಹುಲ್ಲಹಳ್ಳಿಯ ಹಳೆಯ ಅಣೆಯಿಂದ ನಾಲೆಗಳು ಹೊರಟಿವೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದ ಮತ್ತಷ್ಟು ಭೂಮಿಗೆ ನೀರು ಬಂದಿತು. ತೂಬಿನ ಸರದಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದುಂಟು. ಬಸಿಗಾಲುವೆಯ ಹೂಳನ್ನು ತೆಗೆಯಲು ಮಾತ್ರ ಒಬ್ಬರೂ ಗುದ್ದಲಿ ಹಿಡಿಯರು. ಕೆಲವರು ಅದನ್ನೇ ಉತ್ತು ಗದ್ದೆಗೆ ಸೇರಿಸಿಕೊಳ್ಳುವರು. ಆಗ ನೆಲದಡಿಯ ನೀರು ಮೇಲೇರಿ, ಬಿಸಿಲಿಗೆ ಆವಿಯಾಗಿ, ತನ್ನೊಡನೆ ತಂದ ಉಪ್ಪನ್ನು ಮಣ್ಣಿನ ಮೇಲೆ ಬಿಟ್ಟುಹೋಗುವುದು. ಆ ಬಿಳಿಯ ಪೊರೆಯೇ ಚೌಳು. ಮೇಲಿನ ಗದ್ದೆಯವನು ಒಂದು ಮೊಳ ನೆಲವನ್ನು ಗಳಿಸಿದರೆ ಕೆಳಗಿನ ಗದ್ದೆಯವನು ತಂದೆಯ ಕಾಲದ ಭೂಮಿಯನ್ನೇ ಕಳೆದುಕೊಳ್ಳುವನು.

ಹೊಳೆಯ ಲೆಕ್ಕವೂ ಹೀಗೆಯೇ. ನಂಜುಂಡೇಶ್ವರನ ದರ್ಶನಕ್ಕೆ ಬಂದವರಲ್ಲಿ ಹಲವರು ಕಪಿಲೆಯಲ್ಲಿ ಮುಳುಗಿದ ಮೇಲೆ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವರು. ಪಾಪವು ತೊಲಗಿತೆಂಬುದು ಅವರ ನಂಬಿಕೆ. ಬಟ್ಟೆಯಾದರೋ ತೊಲಗುವುದಿಲ್ಲ. ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡು ಕೊಳೆಯುವುದು, ಇಲ್ಲವೆ ಕೆಳಗೆ ಸಾಗುವುದು. ಊರಿನ ಬಚ್ಚಲ ನೀರೂ ಅದೇ ದಾರಿಯನ್ನು ಹಿಡಿದರೆ, ನಂಜನಗೂಡಿನಲ್ಲಿ ನಾವು ಬಿಟ್ಟುದನ್ನೇ ನರಸೀಪುರದ ಸಂಗಮದಲ್ಲಿ ಮತ್ತೊಬ್ಬ ತಾಯಿಯು ತೀರ್ಥವೆಂದು ಮಗುವಿನ ತಲೆಗೆ ಪ್ರೋಕ್ಷಿಸುವಳು. ನಮಗೆ ಹೋಗುವ ನೀರು ಅವಳಿಗೆ ಬರುವ ನೀರು.

ಉಪಾಯವು ದುಸ್ಸಾಧ್ಯವಾದುದಲ್ಲ. ಯಾತ್ರೆಗೆ ಹೊರಡುವ ಗೃಹಿಣಿಯು ಒದ್ದೆಬಟ್ಟೆಗೆಂದು ಒಂದು ಚೀಲವನ್ನು ಇಟ್ಟುಕೊಳ್ಳಲಿ. ಬಚ್ಚಲ ನೀರನ್ನು ಬೀದಿಗೆ ಬಿಡದೆ ಹಿತ್ತಲ ಬಾಳೆಗೆ ಹಾಯಿಸಲಿ. ಗದ್ದೆಯುಳ್ಳ ಗೃಹಸ್ಥನು ನಾಟಿಗೆ ಮುನ್ನ ನೆರೆಯವರನ್ನು ಕರೆದುಕೊಂಡು ಬಸಿಗಾಲುವೆಯನ್ನು ತೋಡಲಿ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿಯಿರುವುದು. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂಬುದು ಅದರ ಭಾವವೆಂದು ಹೇಳುವರು. ಅಷ್ಟು ಮಾತ್ರದ ಭಾರವೂ ತಕ್ಕಡಿಯನ್ನು ಬಾಗಿಸಬಲ್ಲುದೆಂಬುದನ್ನು ನಾವು ಮರೆಯದಿರುವುದು ಒಳ್ಳೆಯದು.