ಗುಂಡಿ ಒತ್ತಲು ಕಲಿಸುವ ಪುಸ್ತಕಗಳು

ಕೊಡಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ಕಳೆದ ಮಳೆಗಾಲದಲ್ಲಿ ಬಿ.ಎಸ್ಸಿ. ಹುಡುಗಿಯೊಬ್ಬಳು ಒಂದು ಲೆಕ್ಕ ಮಾಡಿ ತಂದಳು. ಎರಡು ಆಮ್ಲ ದ್ರಾವಣಗಳು, ಒಂದರ ಪಿಎಚ್ 5, ಇನ್ನೊಂದರದು 6. ಎರಡೂ ಬಫರ್ ಇಲ್ಲದವು. ಸಮಪ್ರಮಾಣದಲ್ಲಿ ಬೆರೆಸಿದರೆ ಎಷ್ಟು? "ಎಕ್ಸೆಲ್‌ನಲ್ಲಿ ಹಾಕಿದೆ ಸರ್, 5.5 ಬಂತು" ಅಂದಳು.

ಸರಿಯಾದ ಉತ್ತರ ಸುಮಾರು 5.26. ಪಿಎಚ್ ಲಾಗರಿದಮ್ಮಿನ ಅಳತೆ. 5 ಎಂದರೆ 6ಕ್ಕಿಂತ ಹತ್ತು ಪಟ್ಟು ಹೆಚ್ಚು ಆಮ್ಲೀಯ. ಸರಾಸರಿ ತೆಗೆಯಬೇಕಾದ್ದು ಹೈಡ್ರೋಜನ್ ಅಯಾನುಗಳ ಸಾರತೆಯದು, ಪಿಎಚ್‌ನದಲ್ಲ.

ತಪ್ಪು ಹುಡುಗಿಯದಲ್ಲ. ಅವಳ ಕೈಲಿದ್ದ ಪುಸ್ತಕ ಯಾವ ಮೆನುವಿನಲ್ಲಿ ಏನಿದೆ ಎಂದು ಚಿತ್ರಸಮೇತ ತೋರಿಸಿತ್ತು. ಯಾವುದರ ಸರಾಸರಿ ತೆಗೆಯಬೇಕು ಎಂಬ ಪ್ರಶ್ನೆಯನ್ನೇ ಎತ್ತಿರಲಿಲ್ಲ. ಇಂಥ ಪುಸ್ತಕಗಳ ಮೇಲೆ ನನಗಿರುವ ಸಿಟ್ಟು ಇದೇ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದ ದಿನ ಅವು ರದ್ದಿ.

ಬೇಸಿಕ್, ಫೋರ್ಟ್ರಾನ್ ಕಾಲದ ಹಳೆಯ ಪುಸ್ತಕಗಳನ್ನು ನಾವು ನಗುತ್ತಾ ಬದಿಗಿಟ್ಟೆವು. ಆದರೆ ಅಲ್ಲಿ ಸೂತ್ರವನ್ನು ಸಾಲುಸಾಲಾಗಿ ನಾವೇ ಬರೆಯಬೇಕಿತ್ತು. ಅರ್ಥವಾಗದೆ ಬರೆಯುವುದು ಕಷ್ಟವಿತ್ತು. ಹಳೆಯದಾದದ್ದು ಭಾಷೆ, ಶಿಸ್ತಲ್ಲ.

ಕಂಪ್ಯೂಟರ್ ರಸಾಯನಶಾಸ್ತ್ರಕ್ಕೆ ಬರೀ ಬೆರಳಚ್ಚು ಯಂತ್ರವೂ ಅಲ್ಲ. 1998ರಲ್ಲಿ ವಾಲ್ಟರ್ ಕೋನ್, ಜಾನ್ ಪೋಪಲ್ ಅವರಿಗೆ, 2013ರಲ್ಲಿ ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಅವರಿಗೆ ನೊಬೆಲ್ ಬಂದದ್ದು ಅಣುಗಳನ್ನು ಲೆಕ್ಕದಲ್ಲಿ ಹಿಡಿದದ್ದಕ್ಕೆ. ನಮ್ಮ ಪುಸ್ತಕಗಳು ಇನ್ನೂ ಮೌಸ್ ಎಂದರೇನು ಎಂಬಲ್ಲೇ ನಿಂತಿವೆ.

"ಕಂಪ್ಯೂಟರಿಗೆ ಇಂಗ್ಲಿಷ್ ಸಾಕು, ಕನ್ನಡ ಯಾಕೆ?" ಎನ್ನುವವರಿದ್ದಾರೆ. ಆಜ್ಞೆಗಳು ಇಂಗ್ಲಿಷಿನಲ್ಲೇ ಇರಲಿ, ನನ್ನ ತಕರಾರಿಲ್ಲ. 'ಯಾಕೆ' ಎನ್ನುವುದು ಮಾತ್ರ ತಿಳಿಯುವ ನುಡಿಯಲ್ಲಿ ಬೇಕು. ಇಲ್ಲಿಯ ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಏನೇ ಇರಲಿ. ನನ್ನ ತರಗತಿಯ ಬಹಳಷ್ಟು ಮಂದಿ ಪ್ರಶ್ನೆ ಕೇಳಲು ಕಲಿತದ್ದು ಕನ್ನಡ ಶಾಲೆಯಲ್ಲಿ. ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಜೆ.ಆರ್. ಲಕ್ಷ್ಮಣರಾವ್ ಜೀವಮಾನವಿಡೀ ವಿಜ್ಞಾನವನ್ನು ಕನ್ನಡದಲ್ಲಿ ಬರೆದರು. ಆಗದ ಕೆಲಸವೇನೂ ಅಲ್ಲ.

ನನಗೆ ಬೇಕಾದ ಪುಸ್ತಕ ತೋಟದಿಂದ ಶುರುವಾಗಲಿ. ಮಣ್ಣಿನ ಪಿಎಚ್ ನೋಡಿ ಸುಣ್ಣ ಎಷ್ಟು ಹಾಕಬೇಕೆಂದು ಲೆಕ್ಕ ಹಾಕಲಿ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟಿರುವ ಕೆಫೀನಿನ ಅಣುವನ್ನು ಅವೊಗ್ಯಾಡ್ರೊದಂಥ ಉಚಿತ ಸಾಫ್ಟ್‌ವೇರಿನಲ್ಲಿ ಕಟ್ಟಿ ತಿರುಗಿಸಲಿ. ಪ್ರತಿ ಅಧ್ಯಾಯದ ಕೊನೆಗೆ ಒಂದೇ ಪ್ರಶ್ನೆ ಇರಲಿ: ಯಂತ್ರ ಕೊಟ್ಟ ಈ ಉತ್ತರ ತಪ್ಪಿದ್ದರೆ ನಿನಗೆ ಹೇಗೆ ಗೊತ್ತಾಗುತ್ತದೆ?

ಆ ಹುಡುಗಿ ಲೆಕ್ಕವನ್ನು ಕಾಗದದ ಮೇಲೆ ಮತ್ತೆ ಮಾಡಿದಳು. ಕರೆಂಟು ಹೋಗಿತ್ತು, ಒಳ್ಳೆಯದೇ ಆಯಿತು.